ತೊಟ್ಟಿಲೂ ದುಡಿಮೆಯೂ

ಹೊತ್ತು ಮೂಡುವ ಮುನ್ನ ಎದ್ದು ಮನೆಗೆಲಸ ಮುಗಿಸಿ, ಬುತ್ತಿಯನ್ನು ತಲೆಯ ಮೇಲಿಟ್ಟು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೊಲಕ್ಕೆ ನಡೆಯುವ ತಾಯಿಯ ಚಿತ್ರ ಕನ್ನಡನಾಡಿನ ಹಳ್ಳಿಗಳಿಗೆ ಹೊಸದಲ್ಲ. ಬದುವಿನ ಮೇಲಿನ ಬೇವಿನ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ, ಕೂಸನ್ನು ಅದರಲ್ಲಿ ಮಲಗಿಸಿ, ಆಕೆ ಕಳೆ ಕೀಳಲು ಸಾಲಿಗಿಳಿಯುತ್ತಾಳೆ. ಕೂಸು ಅತ್ತಾಗ ಬಂದು ಹಾಲೂಡಿಸಿ ಮತ್ತೆ ಸಾಲಿಗೆ ಮರಳುತ್ತಾಳೆ. ತಾಯ್ತನವೂ ದುಡಿಮೆಯೂ ಒಂದೇ ಹೆಣ್ಣಿನ ಬಾಳಿನಲ್ಲಿ ಜೊತೆಯಾಗಿ ಸಾಗಿಬಂದಿರುವುದು ಇಂದು ನಿನ್ನೆಯ ಸಂಗತಿಯಲ್ಲ; ಅದು ಬೇಸಾಯದಷ್ಟೇ ಹಳೆಯದು.

ಆದರೆ ಯಂತ್ರಗಳು ಬಂದು ಕಾರ್ಖಾನೆಗಳು ಎದ್ದಾಗ ಈ ಹೊಂದಿಕೆ ಕೆಟ್ಟಿತು. ಮನೆ ಒಂದೆಡೆ, ಕೆಲಸದ ಸ್ಥಳ ಇನ್ನೊಂದೆಡೆ ಆಯಿತು. ಗಂಟೆ ಬಾರಿಸಿದಾಗ ಒಳಗೆ ಹೋದವಳು ಮತ್ತೆ ಗಂಟೆ ಬಾರಿಸುವವರೆಗೆ ಹೊರಗೆ ಬರುವಂತಿರಲಿಲ್ಲ. ಮರದ ಕೊಂಬೆಯ ಜೋಲಿಗೆ ಕಾರ್ಖಾನೆಯಲ್ಲಿ ಎಡೆಯಿರಲಿಲ್ಲ. ಆಗ ಒಂದು ಪ್ರಶ್ನೆ ಹುಟ್ಟಿತು: ಮಕ್ಕಳ ತಾಯಿಯಾದವಳು ಸಂಬಳದ ಕೆಲಸಕ್ಕೆ ಹೋಗುವುದು ಸರಿಯೆ? ಹೋದರೆ ಅವಳ ಆರೋಗ್ಯದ ಗತಿಯೇನು? ಎರಡು ದೋಣಿಗಳ ಮೇಲೆ ಕಾಲಿಟ್ಟವರು ದಡ ಸೇರುವುದಿಲ್ಲ ಎಂಬ ಮಾತಿನಂತೆ, ಎರಡು ಹೊರೆ ಹೊತ್ತ ಹೆಣ್ಣು ಬೇಗನೆ ಕುಸಿಯುತ್ತಾಳೆ ಎಂದೇ ಬಹುಮಂದಿ ತಿಳಿದಿದ್ದರು.

ಇಂಗ್ಲೆಂಡಿನ ಪ್ರಸಿದ್ಧ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1882ರಲ್ಲಿ ಲೇಖನವೊಂದನ್ನು ಬರೆದು, ಎಳೆಯ ಮಕ್ಕಳ ತಾಯಂದಿರನ್ನು ಕಾರ್ಖಾನೆಗಳಿಂದ ಹೊರಗಿಡಬೇಕೆಂದು ವಾದಿಸಿದನು. ಇಪ್ಪತ್ತನೆಯ ಶತಮಾನದಲ್ಲಿಯೂ ಬ್ರಿಟನ್ನಿನ ಅನೇಕ ಉದ್ಯೋಗಗಳಲ್ಲಿ ಮದುವೆಯಾದ ಕೂಡಲೆ ಹೆಣ್ಣು ಕೆಲಸ ಬಿಡಬೇಕೆಂಬ ಕಟ್ಟಳೆಯಿತ್ತು. ಶಿಕ್ಷಕಿಯರ ಪಾಲಿಗೆ ಅದು 1944ರಲ್ಲಿಯೂ, ಸರಕಾರದ ಆಡಳಿತ ಸೇವೆಯಲ್ಲಿ 1946ರಲ್ಲಿಯೂ ರದ್ದಾಯಿತು. ಕಟ್ಟಳೆ ಹೋದರೂ ಸಂಶಯ ಹೋಗಲಿಲ್ಲ. ಅದನ್ನು ವಾದದಿಂದ ತೀರ್ಮಾನಿಸುವುದು ಸಾಧ್ಯವಿರಲಿಲ್ಲ. ಹೆಂಗಸರ ಬಾಳನ್ನು ವರ್ಷವರ್ಷಗಳ ಕಾಲ ಗಮನಿಸಿಯೇ ತಿಳಿಯಬೇಕಾಗಿತ್ತು.

ಅಂತಹ ಅವಕಾಶವೊಂದು ಬೇರೆಯೇ ಉದ್ದೇಶದ ಕಾರ್ಯವೊಂದರಿಂದ ಒದಗಿಬಂದಿತು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಹೆರಿಗೆಯಾದ ತಾಯಂದಿರನ್ನು ಸಂದರ್ಶಿಸುವ ಕೆಲಸ ನಡೆಯಿತು. ಜೇಮ್ಸ್ ಡಗ್ಲಾಸ್ ಎಂಬ ತರುಣ ವೈದ್ಯನು ಅದರ ಮುಂದಾಳು. ಹೆರಿಗೆಗೆ ಎಷ್ಟು ವೆಚ್ಚ ತಗಲುತ್ತದೆ, ತಾಯಂದಿರಿಗೆ ಎಂತಹ ಆರೈಕೆ ದೊರೆಯುತ್ತದೆ, ಜನನಗಳ ಸಂಖ್ಯೆ ಏಕೆ ಇಳಿಯುತ್ತಿದೆ ಎಂಬುದನ್ನು ತಿಳಿಯುವುದೇ ಆಗಿನ ಗುರಿ. ಆರೋಗ್ಯ ಸಂದರ್ಶಕಿಯರು ಮನೆಮನೆಗೆ ಹೋಗಿ 13,687 ತಾಯಂದಿರನ್ನು ಮಾತನಾಡಿಸಿದರು. ಬಳಿಕ, ಆ ವಾರ ಹುಟ್ಟಿದ ಮಕ್ಕಳಲ್ಲಿ 5,362 ಮಂದಿಯನ್ನು ಆರಿಸಿಕೊಂಡು, ಅವರ ಬೆಳವಣಿಗೆಯನ್ನು ಮುಂದಕ್ಕೂ ಗಮನಿಸುವುದೆಂದು ನಿಶ್ಚಯವಾಯಿತು.

ಆ ಮಕ್ಕಳು ಶಾಲೆಗೆ ಹೋದರು. ಅವರ ಎತ್ತರ, ತೂಕ, ಕಾಯಿಲೆ, ಕಲಿಕೆ ಎಲ್ಲವೂ ದಾಖಲಾದವು. ಬೆಳೆದು ಉದ್ಯೋಗ ಹಿಡಿದರು, ಮದುವೆಯಾದರು, ತಾವೇ ತಾಯಿತಂದೆಯರಾದರು. ಸಂಶೋಧಕರು ತಮ್ಮ ದಾಖಲೆಗಳೊಡನೆ ಅವರನ್ನು ಹಿಂಬಾಲಿಸುತ್ತಲೇ ಇದ್ದರು. ಒಂದು ತಲೆಮಾರಿನ ಸಂಶೋಧಕರು ನಿವೃತ್ತರಾದಾಗ ಮುಂದಿನವರು ಆ ಕೆಲಸವನ್ನು ಕೈಗೆತ್ತಿಕೊಂಡರು. ಹೀಗೆ ತೊಟ್ಟಿಲಿನಿಂದ ಮುಪ್ಪಿನವರೆಗೆ ಮನುಷ್ಯರ ಬಾಳನ್ನು ಬಿಡದೆ ಗಮನಿಸಿದ ಅಧ್ಯಯನಗಳು ಜಗತ್ತಿನಲ್ಲಿಯೇ ವಿರಳ.

ಆ ವಾರ ಹುಟ್ಟಿದ ಹೆಣ್ಣುಮಕ್ಕಳು 26 ವರ್ಷದವರಾಗಿದ್ದಾಗ ತಮ್ಮ ಆರೋಗ್ಯ ಹೇಗಿದೆಯೆಂದು ತಿಳಿಸಿದ್ದರು. 54 ವರ್ಷದವರಾದಾಗ ಮತ್ತೆ ತಿಳಿಸಿದರು. ನಡುವಿನ ವರ್ಷಗಳಲ್ಲಿ ಯಾರು ಮದುವೆಯಾದರು, ಯಾರಿಗೆ ಮಕ್ಕಳಾದವು, ಯಾರು ಸಂಬಳದ ಕೆಲಸದಲ್ಲಿದ್ದರು, ಯಾರು ಮನೆಯಲ್ಲಿಯೇ ಉಳಿದರು ಎಂಬ ವಿವರಗಳೂ ಇದ್ದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆನ್ ಮೆಕ್‌ಮನ್ ಮತ್ತು ಆಕೆಯ ಸಂಗಡಿಗರು ಇವೆಲ್ಲವನ್ನೂ ಜೋಡಿಸಿ ನೋಡಿ, 2006ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು.

ನಿರ್ಣಯ ಹಳೆಯ ನಂಬಿಕೆಗೆ ವಿರುದ್ಧವಾಗಿತ್ತು. ಮಡದಿ, ತಾಯಿ, ಉದ್ಯೋಗಸ್ಥೆ ಎಂಬ ಮೂರು ಪಾತ್ರಗಳನ್ನೂ ದೀರ್ಘಕಾಲ ನಿರ್ವಹಿಸಿದ ಹೆಂಗಸರು ನಡುವಯಸ್ಸಿನಲ್ಲಿ ಇತರರಿಗಿಂತ ಆರೋಗ್ಯವಂತರಾಗಿದ್ದರು. ಬಾಳಿನ ಬಹುಭಾಗವನ್ನು ಸಂಬಳದ ಕೆಲಸವಿಲ್ಲದೆ ಮನೆಯಲ್ಲಿಯೇ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿಲ್ಲವೆಂದು ಹೇಳುವುದು ಹೆಚ್ಚಾಗಿತ್ತು. ಒಂಟಿಯಾಗಿ ಮಕ್ಕಳನ್ನು ಸಾಕಿದ ತಾಯಂದಿರ ಸ್ಥಿತಿಯೂ ಅಷ್ಟೇನೂ ಉತ್ತಮವಾಗಿರಲಿಲ್ಲ. ಮಿತಿಮೀರಿದ ಬೊಜ್ಜು ಮನೆಯಲ್ಲಿಯೇ ಉಳಿದವರಲ್ಲಿ ಶೇಕಡಾ 38 ಮಂದಿಗೆ ಇದ್ದರೆ, ಮೂರು ಪಾತ್ರಗಳನ್ನೂ ನಿರ್ವಹಿಸಿದವರಲ್ಲಿ ಶೇಕಡಾ 23 ಮಂದಿಗೆ ಮಾತ್ರ ಇತ್ತು.

ಇಲ್ಲಿ ವಿಚಾರವಂತರಾದ ಓದುಗರಿಗೆ ಒಂದು ಸಂದೇಹ ಬರಬೇಕು. ದುಡಿಮೆಯಿಂದ ಆರೋಗ್ಯ ಬಂದಿತೋ, ಆರೋಗ್ಯವಿದ್ದುದರಿಂದ ದುಡಿಮೆ ಸಾಧ್ಯವಾಯಿತೋ? ಕಾಯಿಲೆಯವಳು ಕೆಲಸಕ್ಕೆ ಹೋಗಲಾರಳು; ಗಟ್ಟಿಮುಟ್ಟಾದವಳು ಹೋಗುತ್ತಾಳೆ. ಹಾಗಿದ್ದಲ್ಲಿ ಕೆಲಸಕ್ಕೆ ಹೋಗುವವರು ಆರೋಗ್ಯವಂತರಾಗಿ ಕಾಣುವುದು ಸಹಜ. ಆ ಆರೋಗ್ಯಕ್ಕೆ ಕೆಲಸವನ್ನು ಕಾರಣವೆನ್ನುವಂತಿಲ್ಲ. ಒಂದೇ ದಿನ ಕುಳಿತು ಪ್ರಶ್ನೆ ಕೇಳುವ ಸಮೀಕ್ಷೆ ಈ ಗಂಟನ್ನು ಬಿಡಿಸಲಾರದು. 1946ರ ಅಧ್ಯಯನದ ಬೆಲೆ ತಿಳಿಯುವುದು ಇಲ್ಲಿಯೇ. ಈ ಹೆಂಗಸರು ಹದಿಹರೆಯದಲ್ಲಿ ಎಷ್ಟು ತೂಗುತ್ತಿದ್ದರು, 26ರಲ್ಲಿ ಎಷ್ಟು ಆರೋಗ್ಯವಾಗಿದ್ದರು ಎಂಬುದು ಮೊದಲೇ ದಾಖಲಾಗಿತ್ತು. ಮೊದಲಿನ ಆರೋಗ್ಯದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ 54ರ ವ್ಯತ್ಯಾಸ ಉಳಿಯಿತು. ಆದುದರಿಂದ, ಬಾಳಿನಲ್ಲಿ ನಿರ್ವಹಿಸಿದ ಪಾತ್ರಗಳೇ ಆರೋಗ್ಯದ ಮೇಲೆ ಪರಿಣಾಮ ಬೀರಿರಬೇಕೆಂದು ಸಂಶೋಧಕರು ಭಾವಿಸಿದರು.

ಹೀಗೇಕೆ ಆಗುತ್ತದೆ? ಸಮಾಜಶಾಸ್ತ್ರಜ್ಞರಲ್ಲಿ ಈ ಕುರಿತು ಎರಡು ಮತಗಳುಂಟು. ಮನುಷ್ಯನ ಶಕ್ತಿಗೂ ವೇಳೆಗೂ ಮಿತಿಯಿದೆ. ಪಾತ್ರಗಳು ಹೆಚ್ಚಿದಷ್ಟೂ ಸೆಳೆತಗಳು ಹೆಚ್ಚಿ ಆತ ಬಳಲುತ್ತಾನೆ ಎಂಬುದು ಒಂದು. ಇದನ್ನು 1960ರಲ್ಲಿ ವಿಲಿಯಂ ಗುಡ್ ವಿವರಿಸಿದನು. ಪಾತ್ರಗಳು ಬಳಲಿಕೆಯನ್ನಷ್ಟೇ ತರುವುದಿಲ್ಲ, ಅವು ಹಕ್ಕನ್ನೂ ಮನ್ನಣೆಯನ್ನೂ ಆಸರೆಯನ್ನೂ ತರುತ್ತವೆ; ಒಂದು ಕಡೆ ಸೋತಾಗ ಇನ್ನೊಂದು ಕಡೆಯ ಗೆಲುವು ಕೈಹಿಡಿಯುತ್ತದೆ ಎಂಬುದು ಇನ್ನೊಂದು. ಇದನ್ನು 1974ರಲ್ಲಿ ಸ್ಯಾಮ್ ಸೀಬರ್ ಮಂಡಿಸಿದನು. ಸಂಬಳದ ಕೆಲಸ ಹೆಣ್ಣಿಗೆ ತನ್ನದೇ ಆದ ಕಾಸನ್ನು ಕೊಡುತ್ತದೆ. ಓರಗೆಯವರ ಸ್ನೇಹವನ್ನು ಕೊಡುತ್ತದೆ. ಮನೆಯ ನಾಲ್ಕು ಗೋಡೆಗಳ ಆಚೆಯೂ ತನಗೊಂದು ಹೆಸರಿದೆಯೆಂಬ ಅರಿವನ್ನು ಕೊಡುತ್ತದೆ. ಇವು ಔಷಧದ ಅಂಗಡಿಯಲ್ಲಿ ದೊರೆಯುವ ವಸ್ತುಗಳಲ್ಲ. ಆದರೂ ದೇಹವನ್ನು ಕಾಯುವ ಶಕ್ತಿ ಇವಕ್ಕುಂಟು.

ಹಾಗೆಂದು ಪ್ರಶ್ನೆ ಇಲ್ಲಿಗೇ ಮುಗಿಯಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿದೆ. ಹೃದ್ರೋಗದ ಕಾರಣಗಳನ್ನು ತಿಳಿಯಲು 1948ರಿಂದ ಅಲ್ಲಿಯ ನಿವಾಸಿಗಳನ್ನು ವೈದ್ಯರು ಪರೀಕ್ಷಿಸುತ್ತ ಬಂದರು. ರಕ್ತದ ಒತ್ತಡ, ಧೂಮಪಾನ ಮುಂತಾದವು ಹೃದಯಕ್ಕೆ ಹಾನಿಕರವೆಂಬ ಇಂದಿನ ತಿಳಿವಿಗೆ ಈ ಊರಿನ ಜನ ನೀಡಿದ ನೆರವು ಬಹಳ ದೊಡ್ಡದು. ಅಲ್ಲಿನ 45ರಿಂದ 64 ವರ್ಷದ ಹೆಂಗಸರನ್ನು ಎಂಟು ವರ್ಷ ಗಮನಿಸಿದ ಸುಝಾನ್ ಹೇನ್ಸ್ ಮತ್ತು ಮ್ಯಾನಿಂಗ್ ಫೈನ್‌ಲೀಬ್ ಎಂಬ ಸಂಶೋಧಕರು 1980ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಒಟ್ಟಾರೆ ನೋಡಿದಾಗ ಉದ್ಯೋಗಸ್ಥೆಯರಿಗೂ ಗೃಹಿಣಿಯರಿಗೂ ಹೃದ್ರೋಗದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಆದರೆ ಉದ್ಯೋಗಸ್ಥೆಯರನ್ನು ಕೆಲಸದ ಬಗೆಗೆ ತಕ್ಕಂತೆ ವಿಂಗಡಿಸಿದಾಗ ಚಿತ್ರ ಬದಲಾಯಿತು. ಕಚೇರಿಗಳಲ್ಲಿ ಗುಮಾಸ್ತೆಯರಾಗಿದ್ದವರಲ್ಲಿ ಶೇಕಡಾ 10.6 ಮಂದಿಗೆ ಹೃದ್ರೋಗ ಬಂದಿತ್ತು. ಗೃಹಿಣಿಯರಲ್ಲಿ ಅದು ಶೇಕಡಾ 5.4 ಮಾತ್ರ. ಮಕ್ಕಳಿದ್ದು, ಕಾರ್ಮಿಕನ ಮಡದಿಯೂ ಆಗಿದ್ದ ಗುಮಾಸ್ತೆಯರಲ್ಲಿ ಅದು ಶೇಕಡಾ 21.3ಕ್ಕೆ ಏರಿತ್ತು.

ಒಂದೇ ಪ್ರಶ್ನೆಗೆ ಎರಡು ದೇಶಗಳಿಂದ ಎರಡು ಉತ್ತರಗಳು ಬಂದಂತೆ ಕಾಣುತ್ತದೆ. ಆದರೆ ಎಚ್ಚರದಿಂದ ನೋಡಿದರೆ ಅವು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಫ್ರೇಮಿಂಗ್‌ಹ್ಯಾಮಿನ ಗುಮಾಸ್ತೆಯರಲ್ಲಿ ಕಾಯಿಲೆ ಬಿದ್ದವರು ಯಾರು? ಆಸರೆ ನೀಡದ ಮೇಲಧಿಕಾರಿಯ ಕೈಕೆಳಗಿದ್ದವರು. ಕೋಪ ಬಂದರೂ ನುಂಗಿಕೊಂಡು ಸುಮ್ಮನಿದ್ದವರು. ವರ್ಷಗಟ್ಟಲೆ ಒಂದೇ ಹುದ್ದೆಯಲ್ಲಿ ಉಳಿದವರು. ಕಚೇರಿಯಲ್ಲಿ ಅಧಿಕಾರವಿಲ್ಲ, ಮನೆಯಲ್ಲಿ ವಿಶ್ರಾಂತಿಯಿಲ್ಲ ಎಂಬ ಬಾಳು ಅವರದು. ಬ್ರಿಟನ್ನಿನ ಆ ತಲೆಮಾರಿನ ತಾಯಂದಿರಲ್ಲಿ ಹಲವರು ಮಕ್ಕಳು ಚಿಕ್ಕವರಿದ್ದಾಗ ದಿನದ ಕೆಲವೇ ಗಂಟೆಗಳ ಕೆಲಸ ಮಾಡುತ್ತಿದ್ದರು; ಕಾಯಿಲೆಗೆ ಹಣ ಕೇಳದ ಸಾರ್ವಜನಿಕ ವೈದ್ಯಸೇವೆ 1948ರಿಂದಲೇ ಅವರಿಗೆ ದೊರಕಿತ್ತು. ಅಂದಮೇಲೆ ತಾಯಿಯಾದವಳು ದುಡಿಯಬೇಕೆ, ಬೇಡವೆ ಎಂಬ ಪ್ರಶ್ನೆಯಷ್ಟೇ ಸಾಲದು. ಎಂತಹ ಕೆಲಸ, ಎಷ್ಟು ಹೊತ್ತು, ಯಾರ ನೆರವಿನಿಂದ ಎಂದು ಕೇಳಬೇಕು.

ದೇಹದೊಳಗೆ ನಡೆಯುವ ಕ್ರಿಯೆಯನ್ನು ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಒತ್ತಡ ಬಂದಾಗ ಅಡ್ರಿನಲಿನ್ ಮೊದಲಾದ ರಸಗಳು ರಕ್ತಕ್ಕೆ ಸೇರುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತದ ಒತ್ತಡ ಏರುತ್ತದೆ, ದೇಹ ಕಾರ್ಯಕ್ಕೆ ಸಿದ್ಧವಾಗುತ್ತದೆ. ಇದು ಪ್ರಕೃತಿ ಕೊಟ್ಟ ರಕ್ಷಣೆ, ಇದರಿಂದ ಕೇಡಿಲ್ಲ. ಆದರೆ ಕೆಲಸ ಮುಗಿದ ಮೇಲೆ ಈ ರಸಗಳು ಇಳಿಯಬೇಕು. ಬಿಲ್ಲಿನ ಹೆದೆಯನ್ನು ಸದಾ ಏರಿಸಿಯೇ ಇಟ್ಟರೆ ಬಿಲ್ಲು ಕೆಡುವಂತೆ, ಎಂದೂ ಇಳಿಯದ ಒತ್ತಡ ರಕ್ತನಾಳಗಳನ್ನು ಕೆಡಿಸುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿ ಮರಿಯಾನ್ನೆ ಫ್ರಾಂಕೆನ್‌ಹಾಯ್ಸರ್ ಮತ್ತು ಸಂಗಡಿಗರು ಮೋಟಾರು ವಾಹನ ತಯಾರಿಸುವ ಉದ್ಯಮವೊಂದರ ನೌಕರರನ್ನು ಪರೀಕ್ಷಿಸಿ 1989ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಸಂಜೆ ಕೆಲಸ ಬಿಟ್ಟ ಮೇಲೆ ಗಂಡಸರಾದ ಮೇಲಧಿಕಾರಿಗಳ ದೇಹದಲ್ಲಿ ಒತ್ತಡದ ರಸಗಳು ಬೇಗನೆ ಇಳಿದವು. ಅದೇ ದರ್ಜೆಯ ಹೆಂಗಸರ ದೇಹದಲ್ಲಿ ಅವು ಇಳಿಯಲಿಲ್ಲ. ಆತನಿಗೆ ಮನೆಯೆಂದರೆ ವಿಶ್ರಾಂತಿ. ಆಕೆಗೆ ಅದು ಎರಡನೆಯ ಪಾಳಿ.

ಈ ಎರಡನೆಯ ಪಾಳಿ ಎಷ್ಟು ದೀರ್ಘವೆಂಬುದನ್ನು ಭಾರತದ ಅಂಕಿಗಳೂ ತೋರಿಸುತ್ತವೆ. 2019ರಲ್ಲಿ ನಡೆದ ರಾಷ್ಟ್ರೀಯ ಕಾಲ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಹಾಗೆ ತೊಡಗುವ ಗಂಡಸರು ವ್ಯಯಿಸುತ್ತಿದ್ದುದು 97 ನಿಮಿಷಗಳು. ಮನೆಗೆಲಸ ಹಗುರವಾದುದೂ ಅಲ್ಲ, ಕೀಳಾದುದೂ ಅಲ್ಲ. ಗೃಹಿಣಿಯ ದುಡಿಮೆಯಿಲ್ಲದೆ ಯಾವ ಸಂಸಾರವೂ ನಿಲ್ಲದು. ಆ ದುಡಿಮೆಯೆಲ್ಲ ಒಬ್ಬಳ ಹೆಗಲಿನ ಮೇಲೆಯೇ ಬೀಳುವುದು ಅನ್ಯಾಯವಷ್ಟೆ.

ಹೆರಿಗೆಯ ಆಸುಪಾಸಿನ ತಿಂಗಳುಗಳಂತೂ ತಾಯಿಯ ಮುಂದಿನ ಬಾಳಿಗೆ ಅತ್ಯಂತ ಮುಖ್ಯವಾದವು. ಆಗ ದೊರೆತ ವಿಶ್ರಾಂತಿಯ ಫಲ ದಶಕಗಳ ಬಳಿಕವೂ ಕಾಣುತ್ತದೆ. ಯೂರೋಪಿನ ಹಲವು ದೇಶಗಳ, 50 ವರ್ಷ ದಾಟಿದ ಹೆಂಗಸರನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಚೊಚ್ಚಲ ಹೆರಿಗೆಯ ಕಾಲದಲ್ಲಿ ಉದಾರವಾದ ರಜೆಯ ಸೌಲಭ್ಯವಿದ್ದವರಲ್ಲಿ ಇಳಿವಯಸ್ಸಿನ ಖಿನ್ನತೆ ಕಡಿಮೆಯೆಂದು ತೋರಿಸಿತು. ಮೊಲೆಯೂಡಿಸುವುದು ಕೂಸಿಗೆ ಹಿತವೆಂಬುದು ಎಲ್ಲರಿಗೂ ತಿಳಿದ ಮಾತು. ಅದು ತಾಯಿಗೂ ಹಿತ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಮಾಡಿದ ಪರಿಶೀಲನೆಯಲ್ಲಿ, ತಾಯಿ ಹಾಲೂಡಿಸಿದ ಪ್ರತಿ 12 ತಿಂಗಳಿಗೂ ಅವಳಿಗೆ ಸ್ತನದ ಕ್ಯಾನ್ಸರ್ ಬರುವ ಸಂಭವ ಶೇಕಡಾ 4.3ರಷ್ಟು ಇಳಿಯುವುದೆಂದು ಕಂಡುಬಂದಿತು. ಬಾಣಂತನ ಮುಗಿಯುವ ಮುನ್ನವೇ ಕೆಲಸಕ್ಕೆ ಮರಳಬೇಕಾದ ತಾಯಿ ಈ ರಕ್ಷಣೆಯನ್ನು ಕಳೆದುಕೊಳ್ಳಬೇಕಾಗುತ್ತದೆ.

ಈ ಸತ್ಯವನ್ನು ಅಂಕಿ ಅಂಶಗಳು ದೊರೆಯುವ ಮೊದಲೇ ಮನಗಂಡಿದ್ದ ದೂರದರ್ಶಿಗಳುಂಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರ ತನ್ನ ಮೊದಲನೆಯ ಸಮ್ಮೇಳನದಲ್ಲಿಯೇ ಹೆರಿಗೆಯ ರಕ್ಷಣೆಯ ಒಪ್ಪಂದವೊಂದನ್ನು ಅಂಗೀಕರಿಸಿತು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಮುಂದೆ ಕಾರ್ಖಾನೆಯ ಹೆಣ್ಣಾಳುಗಳಿಗೆ ಹೆರಿಗೆಯ ಭತ್ಯೆ ಕೊಡುವ ಮಸೂದೆ ಬಂದಾಗ, ಡಾಕ್ಟರ್ ಬಿ. ಆರ್. ಅಂಬೇಡ್ಕರ್ ಅವರು ಅದನ್ನು ಬಲವಾಗಿ ಸಮರ್ಥಿಸಿದರು. ಹೆರಿಗೆಯ ಮೊದಲೂ ಅನಂತರವೂ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವೇ ಆಗಿದೆ ಎಂಬುದು ಅವರ ವಾದ. ಮರುವರ್ಷ ಅದು ಕಾನೂನಾಯಿತು. ಸ್ವತಂತ್ರ ಭಾರತದಲ್ಲಿ 1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರಗಳ ಸಂಬಳಸಹಿತ ರಜೆಯನ್ನೂ, ಕೆಲಸಕ್ಕೆ ಮರಳಿದ ಮೇಲೆ ಕೂಸಿಗೆ ಹಾಲೂಡಿಸಲು ದಿನಕ್ಕೆರಡು ಬಿಡುವುಗಳನ್ನೂ ವಿಧಿಸಿತು. ಮೊದಲ ಎರಡು ಹೆರಿಗೆಗಳಿಗೆ ರಜೆಯ ಅವಧಿ 2017ರಲ್ಲಿ 26 ವಾರಗಳಿಗೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರವೂ ಇರಬೇಕೆಂದಾಯಿತು.

ಆದರೆ ಕಾನೂನಿನ ನೆರಳು ಎಲ್ಲರ ಮೇಲೂ ಬೀಳಲಿಲ್ಲ. ಹೊಲದಲ್ಲಿ, ಇಟ್ಟಿಗೆಯ ಗೂಡಿನಲ್ಲಿ, ಕಟ್ಟಡದ ಕೆಲಸದಲ್ಲಿ, ಪರರ ಮನೆಗಳಲ್ಲಿ ದುಡಿಯುವ ತಾಯಂದಿರಿಗೆ ಹಾಜರಿ ಪುಸ್ತಕವೇ ಇಲ್ಲ, ಇನ್ನು ರಜೆಯೆಲ್ಲಿ? ಅಂತಹವರ ಮಕ್ಕಳಿಗಾಗಿ ಮೀರಾ ಮಹಾದೇವನ್ ಅವರು 1969ರಲ್ಲಿ ದಿಲ್ಲಿಯಲ್ಲಿ ಕಟ್ಟಡ ಕಟ್ಟುವ ಸ್ಥಳದಲ್ಲಿಯೇ ಸಂಚಾರಿ ಶಿಶುವಿಹಾರವನ್ನು ಆರಂಭಿಸಿದರು. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆ 2023ರಲ್ಲಿ ಪ್ರಕಟವಾಯಿತು. ಬೇವಿನ ಮರದ ಜೋಲಿಗೆ ಬದಲಾಗಿ ಗೋಡೆ, ಮಾಡು, ಹಾಲು, ಆಟಿಕೆ, ನೋಡಿಕೊಳ್ಳುವ ಕೈಗಳಿರುವ ಒಂದು ನೆಲೆ! ಅದು ಕೂಸನ್ನಷ್ಟೇ ಅಲ್ಲ, ತಾಯಿಯನ್ನೂ ಕಾಯುತ್ತದೆ.

ತಾಯ್ತನದ ಭಾರವನ್ನು ಹಗುರ ಮಾಡುವ ಕೆಲಸ ಸರಕಾರದ್ದು ಮಾತ್ರವಲ್ಲ. 1974ರಲ್ಲಿ ಸ್ವೀಡನ್ ದೇಶ ಹೆರಿಗೆ ರಜೆಗೆ ಬದಲಾಗಿ, ತಂದೆಯೂ ಪಡೆಯಬಹುದಾದ ಪಾಲಕರ ರಜೆಯನ್ನು ಜಾರಿಗೆ ತಂದಿತು. ಕೂಸು ಇಬ್ಬರದೂ ಆದ ಮೇಲೆ ಅದರ ಪಾಲನೆಯೂ ಇಬ್ಬರದೇ ಎಂಬುದು ಅದರ ತಿರುಳು. ಈ ತಿರುಳನ್ನು ಅರಿಯಲು ಕಾನೂನಿಗಾಗಿ ಕಾಯಬೇಕಾಗಿಲ್ಲ. ನೀರು ತರುವ ಮಗ, ಪಾತ್ರೆ ತೊಳೆಯುವ ತಂದೆ, ಮೊಮ್ಮಗುವನ್ನು ಆಡಿಸುವ ಅಜ್ಜ, ಇವರೆಲ್ಲರೂ ತಾಯಿಯ ಆಯುಷ್ಯಕ್ಕೆ ತಮ್ಮ ಪಾಲನ್ನು ಸೇರಿಸುವವರೇ.

ಎರಡು ದೋಣಿಗಳ ಮೇಲೆ ಕಾಲಿಟ್ಟವರು ದಡ ಸೇರುವುದಿಲ್ಲ ಎಂಬ ಗಾದೆ ಸುಳ್ಳಲ್ಲ. ದೋಣಿಗಳು ಬೇರೆ ಬೇರೆ ದಿಕ್ಕಿಗೆ ಸರಿಯುವಾಗ ಅದು ನಿಜವೇ. ಆದರೆ ಹೊಳೆಸಾಲಿನ ಊರುಗಳ ಜನ ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ, ತುಂಬಿದ ಹೊಳೆಯನ್ನು ದಾಟುವುದೂ ಉಂಟು. ಹಾಗೆ ಕಟ್ಟಿದ ಜೋಡುದೋಣಿ ಒಂಟಿ ದೋಣಿಗಿಂತ ಭದ್ರ. ತಾಯ್ತನವನ್ನೂ ದುಡಿಮೆಯನ್ನೂ ಕಟ್ಟಿ ನಿಲ್ಲಿಸುವ ಹಗ್ಗವನ್ನು ಹೊಸೆಯುವುದು ತಾಯಿಯೊಬ್ಬಳ ಕೆಲಸವಲ್ಲ. ಅದು ಮನೆಯವರೆಲ್ಲರ, ಸಮಾಜದವರೆಲ್ಲರ ಕರ್ತವ್ಯ.

ಪದಕೋಶ

ಬದು – ಹೊಲದ ಅಂಚಿನ ಏರಿ
ಜೋಲಿ – ಬಟ್ಟೆಯ ತೂಗುತೊಟ್ಟಿಲು
ಕಟ್ಟಳೆ – ನಿಯಮ
ವಿರಳ – ಅಪರೂಪ
ಓರಗೆಯವರು – ಸಮವಯಸ್ಕರು, ಜೊತೆಯವರು
ಹೆದೆ – ಬಿಲ್ಲಿಗೆ ಕಟ್ಟುವ ಹುರಿ
ಪಾಳಿ – ಸರದಿಯ ಕೆಲಸದ ಅವಧಿ
ಮಾಡು – ಚಾವಣಿ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ಕಾರ್ಖಾನೆಗಳು ಬಂದಾಗ ತಾಯ್ತನ ಮತ್ತು ದುಡಿಮೆಯ ಹೊಂದಿಕೆ ಏಕೆ ಕೆಟ್ಟಿತು?
2. 1946ರ ಸಮೀಕ್ಷೆಯ ಮೊದಲ ಉದ್ದೇಶವೇನಾಗಿತ್ತು?
3. ಮುಂಬಯಿ ಶಾಸನ ಪರಿಷತ್ತಿನಲ್ಲಿ ಅಂಬೇಡ್ಕರ್ ಅವರು ಮಂಡಿಸಿದ ವಾದವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ‘ದುಡಿಮೆಯಿಂದ ಆರೋಗ್ಯ ಬಂದಿತೋ, ಆರೋಗ್ಯವಿದ್ದುದರಿಂದ ದುಡಿಮೆ ಸಾಧ್ಯವಾಯಿತೋ?’ ಈ ಸಂದೇಹವನ್ನು ಸಂಶೋಧಕರು ಹೇಗೆ ಪರಿಹರಿಸಿದರು?
2. ಫ್ರೇಮಿಂಗ್‌ಹ್ಯಾಮಿನ ವರದಿ ಬ್ರಿಟನ್ನಿನ ನಿರ್ಣಯವನ್ನು ಅಲ್ಲಗಳೆಯುವುದಿಲ್ಲ ಎನ್ನಲು ಕಾರಣವೇನು?
3. ಒತ್ತಡ ಇಳಿಯದೆ ಉಳಿದರೆ ದೇಹಕ್ಕೆ ಆಗುವ ಹಾನಿಯೇನು?

ಇ) ಸಂದರ್ಭದೊಡನೆ ವಿವರಿಸಿ:
1. ‘ಆತನಿಗೆ ಮನೆಯೆಂದರೆ ವಿಶ್ರಾಂತಿ, ಆಕೆಗೆ ಅದು ಎರಡನೆಯ ಪಾಳಿ.’
2. ‘ಹಾಗೆ ಕಟ್ಟಿದ ಜೋಡುದೋಣಿ ಒಂಟಿ ದೋಣಿಗಿಂತ ಭದ್ರ.’

ಈ) ಮಾಡಿ ನೋಡಿ:
ನಿಮ್ಮ ಮನೆಯಲ್ಲಿ ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಯಾರು ಯಾವ ಕೆಲಸವನ್ನು ಎಷ್ಟು ಹೊತ್ತು ಮಾಡುತ್ತಾರೆಂದು ಪಟ್ಟಿ ಮಾಡಿ. ಅದರಲ್ಲಿ ನೀವು ವಹಿಸಿಕೊಳ್ಳಬಹುದಾದ ಕೆಲಸಗಳು ಯಾವುವೆಂದು ಗುರುತಿಸಿ.